ಎಡ ಮೂಲೆಯ ಕಾಕಾ

ಮೊನ್ನೆ ಮಗಳಿಗೆ ನೆಗಡಿಯಾಗಿತ್ತು. ಹೆಂಡತಿ ಸೌಟಿನಲ್ಲಿ ಕೊಬ್ಬರಿ ಎಣ್ಣೆ ಕಾಯಿಸಿ ಅದಕ್ಕೊಂದು ಕರ್ಪೂರದ ಬಿಲ್ಲೆ ಹಾಕಿದಳು. ಅದು ಕರಗಿದ ವಾಸನೆ ಅಡುಗೆಮನೆಯಿಂದ ನಡುಮನೆಗೆ ಬಂದದ್ದೇ ತಡ, ನಾನು ಚಹಾದ ಕಪ್ಪು ಕೆಳಗಿಟ್ಟು ಎದ್ದು ಹೊರಗೆ ಬಂದೆ. "ಯಾಕ್ರೀ, ಏನಾತು?" ಅಂದಳು. ಏನಿಲ್ಲ ಅಂದೆ. ಬೇರೆಯವರಿಗೆ ಅದು ಕೂಸಿನ ಎದೆಯ ವಾಸನೆ. ನನಗೆ ಅದು ಮೂವತ್ನಾಲ್ಕು ದಾಟಿದ ಒಬ್ಬ ಗಂಡಸಿನ ಎಡ ಮೊಣಕಾಲಿನ ವಾಸನೆ. ಮ್ಯಾಟಿನ ರಬ್ಬರು, ಒದ್ದೆ ಜೆರ್ಸಿ, ಅದರ ನಡುವೆ ಬೆಚ್ಚಗಿನ ಕರ್ಪೂರದೆಣ್ಣೆ... ಒಂದು ಇಡೀ ಸೀಸನ್ ನನ್ನ ಮೂಗಿನಲ್ಲಿ ಕೂತಿದ್ದ ವಾಸನೆ.

ನನ್ನ ಕೆಲಸ ಏನೆಂದು ಮೊದಲು ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ದುಡ್ಡು ಕೊಟ್ಟು ಆಟಗಾರರನ್ನು ಕೊಳ್ಳುವ ದೊಡ್ಡ ಕಬಡ್ಡಿ ತಂಡಗಳಲ್ಲಿ ಆಟಗಾರರ ಮೈಯ ಲೆಕ್ಕ ಇಡುವವನು ನಾನು. ಯಾರು ಎಷ್ಟು ಓಡಿದರು, ಯಾರ ಎದೆ ಎಷ್ಟು ಬಡಿದುಕೊಂಡಿತು, ಯಾರ ಕಾಲಿನ ಕಸುವು ಕಡಿಮೆಯಾಯಿತು, ಯಾರು ಸರಿಯಾಗಿ ನಿದ್ದೆ ಮಾಡಿಲ್ಲ, ಇದನ್ನೆಲ್ಲ ಯಂತ್ರಗಳಿಂದ ತೆಗೆದು ಕೋಚ್ ಮುಂದೆ ಇಡಬೇಕು. ನಮ್ಮದು ಕುಂದಗೋಳ ತಾಲೂಕು, ಗುಡಗೇರಿಯ ಬಾಜೂಕಿನ ಹಳ್ಳಿ. ತಲೆತಲಾಂತರದಿಂದ ಕುರಿ ಸಾಕಿದ ಮನೆ. ನಮ್ಮ ಮನೆತನದಲ್ಲಿ ಕಾಲೇಜಿನ ಬಾಗಿಲು ಕಂಡವನು ನಾನೇ ಮೊದಲು. ಬೆಳಿಗ್ಗೆ ಗುಡಗೇರಿ ಸ್ಟೇಷನ್ನಿನಿಂದ ರೈಲು ಹತ್ತಿ ಹುಬ್ಬಳ್ಳಿಗೆ ಹೋಗಿ ಓದಿದೆ. ರಜೆಯಲ್ಲಿ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ಚೀಲ ಹೊತ್ತೆ. ದೈಹಿಕ ಶಿಕ್ಷಣ ಓದಿದೆ, ಆಮೇಲೆ ಕ್ರೀಡಾ ವಿಜ್ಞಾನ ಓದಿದೆ. ಈ ಮಾತನ್ನು ಹೇಳಿಕೊಳ್ಳುವುದಕ್ಕೆ ನನಗೆ ನಾಚಿಕೆ ಇಲ್ಲ. ಯಾರೂ ಎತ್ತಿ ಕೊಟ್ಟದ್ದಲ್ಲ ಅದು.

ಕೆಲಸ ಸಿಕ್ಕಿತು ಅಂತ ಅಪ್ಪನಿಗೆ ಹೇಳಿದಾಗ ಅವನು ಕಂಬಳಿ ಝಾಡಿಸುತ್ತಾ ಕೇಳಿದ್ದ, "ಅಂದ್ರ ಅವ್ರು ಆಡ್ತಾರ, ನೀ ನೋಡ್ಕೋತ ಕುಂದರ್ತಿ?"

"ಬರೇ ನೋಡೂದಲ್ಲಪ್ಪಾ. ಯಾರು ದಣದಾರ, ಯಾರಿಗೆ ವಿಶ್ರಾಂತಿ ಬೇಕು, ಯಾರ ಕಾಲಿಗೆ ಪೆಟ್ಟಾಗ್ತೈತಿ ಅಂತ ಮೊದಲ ಹೇಳೂದು."

"ಹಂಗಾರ ನೀನೂ ಕುರೀನ ಕಾಯಾಕ ಹೊಂಟಿ ಬಿಡು. ಅದಕ್ಕ ಇಷ್ಟ್ಯಾಕ ಓದಿದಿ?"

ಇಬ್ಬರೂ ನಕ್ಕೆವು. ಆಗ ನಗುವ ಮಾತೇ ಆಗಿತ್ತು ಅದು.

ಕಾಕಾನನ್ನು ಕಂಡದ್ದು ನನಗೆ ಮೊದಲು ಕೆಲಸ ಕೊಟ್ಟ ತಂಡದ ಶಿಬಿರದಲ್ಲಿ, ದೂರದ ಊರಲ್ಲಿ. ಹುಡುಗರೆಲ್ಲ ಹೆಚ್ಚಾಗಿ ಉತ್ತರದ ಕಡೆಯವರು, ಕೋಚ್ ಕೂಡ. ಅವರ ಹಿಂದಿ ನನಗೆ ಅರ್ಧ ತಿಳಿಯುತ್ತಿತ್ತು, ಇನ್ನರ್ಧಕ್ಕೆ ತಲೆ ಆಡಿಸುತ್ತಿದ್ದೆ. ಮೊದಲ ದಿನ ಊಟದ ಹಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದಾಗ ಹಿಂದಿನಿಂದ ಒಂದು ದನಿ, "ಈ ಚಪಾತಿ ತಿಂದು ಯಾರ್ ಬದುಕ್ತಾರಲೇ, ಒಂದ್ ಖಡಕ್ ರೊಟ್ಟಿ ಇಲ್ಲ, ಒಂದ್ ಶೇಂಗಾ ಹಿಂಡಿ ಇಲ್ಲ" ಅಂತ ತನ್ನಷ್ಟಕ್ಕೆ ಬೈದುಕೊಂಡಿತು. ತಿರುಗಿ ನೋಡಿದೆ. ಗಿಡ್ಡಗೆ, ಗಟ್ಟಿಗೆ, ಹಣೆಯ ಮೇಲೆ ವಿಭೂತಿಯ ಗುರುತು ಇನ್ನೂ ಆರದ ಮನುಷ್ಯ. "ಯಾವೂರ್ರಿ?" ಅಂದೆ. "ಕಲಘಟಗಿ ಬಾಜೂಕ. ನೀ?" ಅಂದರು. ನಾನು ಗುಡಗೇರಿ ಅಂದೊಡನೆ ತಟ್ಟೆ ಅಲ್ಲೇ ಇಟ್ಟು ನನ್ನ ಹೆಗಲ ಮೇಲೆ ಕೈ ಹಾಕಿದರು. ನಾನು ಅವತ್ತೇ, ಚಿಕ್ಕಪ್ಪನನ್ನು ಕರೆಯುವ ಹಾಗೆ, "ಕಾಕಾ" ಅಂದೆ. ವಯಸ್ಸಿನಲ್ಲಿ ಅಷ್ಟೇನೂ ದೊಡ್ಡವರಲ್ಲ. ಆದರೆ ಇಪ್ಪತ್ತರ ಹುಡುಗರ ನಡುವೆ ಅವರೊಬ್ಬರೇ ಹಿರಿಯರು. ನನ್ನ ಬಾಯಿಂದ ಕೇಳಿ ಇಡೀ ತಂಡ ಅವರನ್ನು ಕಾಕಾ ಅನ್ನತೊಡಗಿತು.

ಕಾಕಾ ಎಡ ಮೂಲೆಯ ಡಿಫೆಂಡರ್. ಎದುರಾಳಿ ರೇಡ್‌ಗೆ ಬಂದಾಗ ಮೂಲೆಯಲ್ಲಿ ಬಗ್ಗಿ ನಿಂತು, ಅವನ ಕಾಲು ಸಮೀಪ ಬರುವ ತನಕ ಕಾದು, ಗಿಣ್ಣಿಗೆ ಕೈ ಹಾಕಿ ಎಳೆಯುವುದು ಅವರ ಕೆಲಸ. ಅದಕ್ಕೆ ಮೊಣಕಾಲು ಬೇಕು. ಎಷ್ಟು ಹೊತ್ತು ಬಗ್ಗಿರಬೇಕೋ ಅಷ್ಟು ಹೊತ್ತು ಬಗ್ಗಿರುವ, ಆಮೇಲೆ ಒಮ್ಮೆಲೇ ಸ್ಪ್ರಿಂಗಿನಂತೆ ಚಿಮ್ಮುವ ಮೊಣಕಾಲು.

ಯಂತ್ರ ಸಿಕ್ಕಿಸುವ ಕಪ್ಪು ಬನಿಯನ್ನನ್ನು ನಾನು ಮೊದಲ ಸಲ ಹಂಚಿದ ದಿನ ಇನ್ನೂ ಕಣ್ಣ ಮುಂದಿದೆ. ಅದು ಎದೆಯ ಮಟ್ಟಕ್ಕೇ ಮುಗಿಯುವ ಬಿಗಿ ಅಂಗಿ. ಬೆನ್ನ ಮೇಲೆ ಒಂದು ಚೀಲ, ಅದರೊಳಗೆ ಓಟದ ಲೆಕ್ಕ ಇಡುವ ಯಂತ್ರ. ಎದೆಯ ಕಡೆ ನಾಡಿ ಅಳೆಯುವ ಪಟ್ಟಿ. ಕಾಕಾ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ನೋಡಿದರು.

"ಲೇ ತಮ್ಮಾ, ನನಗ ಕುಬಸಾ ಮಾಡಾಕತ್ತೀರೇನು? ಬರೇ ಕುಬಸಾ ತೊಡಸಿದ್ರ ಆತೇನು, ಹಸರ ಬಳಿ ಎಲ್ಲಿ? ಹೋಳಿಗಿ ಎಲ್ಲಿ? ಆರತಿ ಎತ್ತಾಕ ಮುತ್ತೈದ್ಯಾರು ಎಲ್ಲಿ?"

ನಮ್ಮ ಕಡೆ ಚೊಚ್ಚಲ ಬಸುರಿಗೆ ತವರಿನವರು ಕುಬಸ, ಅಂದರೆ ರವಿಕೆ, ತೊಡಿಸಿ ಸಂಭ್ರಮ ಮಾಡುತ್ತಾರೆ. ನಾನು ನಗು ತಡೆಯದೆ ಕೂತುಬಿಟ್ಟೆ. ಹುಡುಗರು ಏನೆಂದು ಕೇಳಿದರು, ನನ್ನ ಹರಕು ಹಿಂದಿಯಲ್ಲಿ ಹೇಳಿದೆ. ಅವತ್ತಿಂದ ಯಾವ ಹುಡುಗ ಆ ಅಂಗಿ ತೊಟ್ಟರೂ ಉಳಿದವರು ಅವನ ಹೊಟ್ಟೆ ಮುಟ್ಟಿ ಎಷ್ಟು ತಿಂಗಳು ಅಂತ ಕೇಳುವುದು ಶುರುವಾಯಿತು. ಕೋಚ್ ಕೂಡ ಒಮ್ಮೆ ಕೇಳಿದ್ದರು.

ದಿನಾ ಬೆಳಿಗ್ಗೆ ಆಟಗಾರರು ಫೋನಿನಲ್ಲಿ ನಾಲ್ಕಾರು ಪ್ರಶ್ನೆಗೆ ಉತ್ತರ ಒತ್ತಬೇಕಿತ್ತು. ನಿದ್ದೆ ಹೇಗಾಯಿತು, ಮೈ ಎಷ್ಟು ನೋಯುತ್ತಿದೆ, ಮನಸ್ಸು ಹೇಗಿದೆ. ಕಾಕಾ ಫೋನು ನನ್ನ ಕೈಗೇ ಕೊಟ್ಟುಬಿಡುತ್ತಿದ್ದರು.

"ಆರಾಮ ಅದೀನಿ. ಬರ್ಕೋ."

"ಕಾಕಾ, ಇದರಾಗ ಆರಾಮ ಅಂತ ಬರೆಯಾಕ ಬರೂದಿಲ್ರಿ. ನೋವು ಎಷ್ಟೈತಿ ಅಂತ ಒಂದು ನಂಬರ್ ಹೇಳ್ಬೇಕು."

"ನಿಮ್ಮೂರಾಗ ಯಾರರ ಎದುರು ಸಿಕ್ಕು, ಆರಾಮೇನಪಾ ಅಂದ್ರ ಏನಂತಾರಲೇ?"

"ಆರಾಮ್ರಿ ಅಂತಾರ."

"ಮತ್ತ? ಅದನ್ನ ನಂಬರ್‌ದಾಗ ಬರಿ. ಓದೀಯಲ್ಲಾ."

ಅವರು ಹೇಳಿದ್ದು ಸುಳ್ಳಲ್ಲ. ನಮ್ಮ ಸೀಮೆಯ ಮನುಷ್ಯನನ್ನು ಟೆಂಪೋದಲ್ಲಿ ಮಲಗಿಸಿ ಆಸ್ಪತ್ರೆಗೆ ಒಯ್ಯುವಾಗ ದಾರಿಯಲ್ಲಿ ಯಾರಾದರೂ ಕೇಳಿದರೂ ಅವನು ತಲೆ ಎತ್ತಿ ಆರಾಮ ಅಂತಲೇ ಹೇಳುತ್ತಾನೆ. ಕೇಳುವವನು ಮೈಯ ಸುದ್ದಿ ಕೇಳುತ್ತಿಲ್ಲ, ಮರ್ಯಾದೆ ಕೊಡುತ್ತಿದ್ದಾನೆ. ಹೇಳುವವನೂ ಅದನ್ನೇ ವಾಪಸು ಕೊಡುತ್ತಾನೆ. ನೋವಿದೆ ಅಂದರೆ ಕೇಳಿದವನ ಕೊರಳಿಗೆ ಬಿದ್ದ ಹಾಗೆ. ಆ ಪ್ರಶ್ನೆಗಳನ್ನು ಮಾಡಿದವರು ಎಲ್ಲಿ ಕೂತು ಮಾಡಿದ್ದರೋ, ಅವರಿಗೆ ಇದು ತಿಳಿದಿರಲಿಲ್ಲ. ತಂಡದಲ್ಲಿ ಅದು ತಿಳಿದಿದ್ದವನು ನಾನೊಬ್ಬನೇ. ಹಾಗಾಗಿ ಕಾಕಾ ಏನು ಹೇಳುತ್ತಾರೆ ಅನ್ನುವುದನ್ನು ಬಿಟ್ಟು, ಅವರ ಕಾಲು ಏನು ಹೇಳುತ್ತದೆ ಅಂತ ನೋಡತೊಡಗಿದೆ.

ಕಾಲಿನ ಪರೀಕ್ಷೆ ಸರಳ. ಎರಡು ಕಬ್ಬಿಣದ ಹಲಗೆಗಳ ಮೇಲೆ ಒಂದೊಂದು ಪಾದ ಇಟ್ಟು ಮೇಲಕ್ಕೆ ಜಿಗಿಯಬೇಕು. ಯಾವ ಕಾಲು ನೆಲವನ್ನು ಎಷ್ಟು ಒತ್ತಿತು ಅಂತ ಯಂತ್ರ ಹೇಳುತ್ತದೆ. ಅಭ್ಯಾಸದ ದಿನಗಳಲ್ಲಿ ಕಾಕಾನ ಎಡಗಾಲು ಬಲಗಾಲಿನ ಹಿಂದೆ ತೆವಳುತ್ತಿತ್ತು. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತಿದ್ದರು. ಎಣ್ಣೆ ಕಾಯಿಸಿ ಕರ್ಪೂರ ಹಾಕಿ ತಾವೇ ತಿಕ್ಕಿಕೊಳ್ಳುತ್ತಿದ್ದರು. ತಂಡದ ಮಾಲೀಸಿನವನಿಗೆ ಮುಟ್ಟಗೊಡುತ್ತಿರಲಿಲ್ಲ, ಮುಟ್ಟಿದರೆ ಅವನಿಗೆ ಊತ ತಿಳಿಯುತ್ತದಲ್ಲ... ಆದರೆ ಮ್ಯಾಚಿನ ದಿನ ಅದೇ ಹಲಗೆಯ ಮೇಲೆ ನಿಲ್ಲಿಸಿದರೆ ಎರಡೂ ಕಾಲು ಅವಳಿಜವಳಿಯಂತೆ ಒಂದೇ ಸಮ. ಒಂದು ಸಲವಲ್ಲ, ಪ್ರತಿ ಸಲ.

ಒಂದು ದಿನ ಮಧ್ಯಾಹ್ನ, ಹುಡುಗರೆಲ್ಲ ಮಲಗಿದ್ದಾಗ, ಅವರ ಕೋಣೆಗೆ ಹೋದೆ.

"ಕಾಕಾ, ಮ್ಯಾಚಿನ ದಿನ ಏನು ತಗೋತೀರಿ?"

"ಶಿವನ ಹೆಸರು."

"ಅದನ್ನ ದಿನಾ ತಗೋತೀರಿ. ಮ್ಯಾಚಿನ ದಿನದ್ದು ಹೇಳ್ರಿ."

ಎದ್ದು ಬಾಗಿಲ ಚಿಲಕ ಹಾಕಿದರು. ಆಮೇಲೆ ಬ್ಯಾಗಿನಿಂದ ಒಂದು ಸುಣ್ಣದ ಡಬ್ಬಿ ತೆಗೆದು ಹಾಸಿಗೆಯ ಮೇಲೆ ಇಟ್ಟರು. ಒಳಗೆ ನೋವಿನ ಗುಳಿಗೆಗಳು, ಪೊಟ್ಟಣದಿಂದ ಬಿಡಿಸಿ ತುಂಬಿದ್ದು.

"ಮ್ಯಾಚಿನ ದಿನ ಅಷ್ಟ ತಗೋತೀನಿ," ಅಂದರು. ನಾನು ಡಬ್ಬಿ ಎತ್ತಿಕೊಂಡು ಗುಳಿಗೆ ಎಣಿಸತೊಡಗಿದೆ. "ಹಿಂದಿನ ದಿನಾನೂ ತಗೋತೀನಿ. ಒಮ್ಮೊಮ್ಮೆ ಮರದಿನಾನೂ."

"ಯಾವಾಗಿಂದ್ರಿ?"

"ನೀ ಚಡ್ಡಿ ಹಾಕ್ಕೊಂಡು ಸಾಲಿಗೆ ಹೋಗಾಕತ್ತಾಗಿಂದ."

ಇಷ್ಟು ಗುಳಿಗೆ ನುಂಗಿ, ಮೇಲೆ ಮ್ಯಾಚಿನ ಮೊದಲು ತೂಕ ಇಳಿಸಲು ನೀರು ಬಿಟ್ಟು ಬೆವರು ಸುರಿಸಿದರೆ ಕಿಡ್ನಿ ಉಳಿಯುವುದಿಲ್ಲ ಅಂದೆ. ಮೊಣಕಾಲಂತೂ ಮೊದಲೇ ಹೋಗುತ್ತದೆ, ನೋವು ಗೊತ್ತಾಗದ ಕಾರಣಕ್ಕೇ ಹೋಗುತ್ತದೆ ಅಂದೆ. ಪುಸ್ತಕದಲ್ಲಿ ಓದಿದ್ದನ್ನು ನಮ್ಮ ಮಾತಿನಲ್ಲಿ ಬಿಡಿಸಿ ಹೇಳಿದೆ. ಅವರು ಪೂರ್ತಿ ಕೇಳಿದರು.

"ನೋಡಪಾ," ಅಂದರು ಕೊನೆಗೆ, "ಈ ಸೀಸನ್ ಪೂರಾ ಆಡಿದ್ರ ಮುಂದಿನ ವರ್ಷ ಡಿಫೆನ್ಸ್ ಕೋಚ್ ಮಾಡ್ಕೋತೀವಿ ಅಂತ ಮ್ಯಾನೇಜರ್ ಮಾತು ಕೊಟ್ಟಾನ. ನಡುವ ಕುಂತೆ ಅಂದ್ರ ಮುಗೀತು. ಕುಂತಾಂವನ್ನ ಯಾರು ಕರೀತಾರ? ನೀ ಓದೀದಿ, ಇಲ್ಲಿ ಬಿಟ್ರ ಇನ್ನೊಂದು ಕಡೆ ಹೋಗ್ತಿ. ನಾ ಹತ್ತನೇತ್ತದಾಗ ಗಣಿತಕ್ಕ ಡುಮ್ಕಿ ಹೊಡದು ಮ್ಯಾಟಿಗೆ ಬಂದಾಂವ. ನನಗ ಕಾಲ್ ಹಿಡಿಯೂದು ಬಿಟ್ರ ಏನೂ ಬರೂದಿಲ್ಲೋ. ಅದನ್ನ ಹುಡುಗ್ರಿಗೆ ಕಲಸ್ಕೋತ ಇರ್ತೀನಿ, ಅಷ್ಟ ಬೇಕಾಗೇತಿ ನನಗ. ಈ ಕಾಲಿನ ಲೆಕ್ಕಾ ಯಾರಿಗೂ ತೋರಸಬ್ಯಾಡ."

"ತೋರಸಲೇಬೇಕ್ರಿ ಕಾಕಾ. ತಪ್ಪು ಬರೆಯೂದು ನನ್ನ ಕಡಿಂದ ಆಗೂದಿಲ್ಲ."

"ಊರಾಂವ ಅಂತ ಹೇಳಿದೆ," ಅಂದು ಡಬ್ಬಿ ಮುಚ್ಚಿದರು.

ನಾನು ತೋರಿಸಿದೆ. ತಪ್ಪು ಮಾಡಿದೆ ಅಂತ ಹೇಳಿಕೊಳ್ಳಲು ಇದನ್ನು ಬರೆಯುತ್ತಿಲ್ಲ. ಇವತ್ತು ಅಂಥದೇ ಕಾಲು ನನ್ನ ಹಲಗೆಯ ಮೇಲೆ ಬಂದರೆ ಇವತ್ತೂ ತೋರಿಸುತ್ತೇನೆ. ಅದಕ್ಕೇ ನಾನು ಓದಿದ್ದು. ಕೋಚ್, ಮ್ಯಾನೇಜರ್, ತಂಡದ ಡಾಕ್ಟರು ಮೂವರೂ ಕೂತಿದ್ದರು. ನಾನು ತೆಗೆದ ಚಿತ್ರದಲ್ಲಿ ಎಡಗಾಲಿನ ಗೆರೆ ಕೆಂಪು, ಬಲಗಾಲಿನದು ನೀಲಿ. ಅಭ್ಯಾಸದ ದಿನ ಎರಡೂ ದೂರ ದೂರ, ಮ್ಯಾಚಿನ ದಿನ ಕೂಡಿಕೊಳ್ಳುತ್ತವೆ. ಕಾರಣ ಗುಳಿಗೆ ಅಂದೆ. ಇವರನ್ನು ಆಡಿಸದೆ ಕೂರಿಸಬೇಕು, ಸ್ಕ್ಯಾನ್ ಮಾಡಿಸಬೇಕು, ರಕ್ತ ಪರೀಕ್ಷೆ ಮಾಡಿಸಬೇಕು ಅಂದೆ.

ಕೋಚ್ ಮೇಜಿನ ಮೇಲೆ ಮುಂದಕ್ಕೆ ಬಾಗಿ ಆ ಚಿತ್ರವನ್ನು ಬಹಳ ಹೊತ್ತು ನೋಡಿದರು. "ಅಂದರೆ ಮ್ಯಾಚಿನ ದಿನ ಎರಡೂ ಕಾಲು ಸಮ?" ಅಂತ ಹಿಂದಿಯಲ್ಲಿ ಕೇಳಿದರು.

"ಹೌದು, ಗುಳಿಗೆಯಿಂದ."

"ಆಟ ಮುಗಿಯುವ ತನಕ ಇರುತ್ತದಾ?"

"ಇರುತ್ತದೆ, ಆದರೆ—"

"ಅಷ್ಟು ಸಾಕು," ಅಂದರು ಮ್ಯಾನೇಜರ್. ಮುಖದಲ್ಲಿ ನಿಜವಾದ ಸಂತೋಷವಿತ್ತು. ಎದ್ದು ಬಂದು ನನ್ನ ಬೆನ್ನು ತಟ್ಟಿದರು. ಹಾಗಾದರೆ ಇವರಿಗೆ ಅಭ್ಯಾಸವೇ ಬೇಡ, ಮ್ಯಾಚಿಗೆ ಮಾತ್ರ ಇಳಿಸೋಣ, ಉಳಿದ ದಿನ ಕಾಲು ಹಾಗೇ ಇರಲಿ ಅಂತ ಅಲ್ಲೇ ತೀರ್ಮಾನವಾಯಿತು. ಡಾಕ್ಟರು ಮೊದಲು ಗೊಣಗಿದರು. ಆಮೇಲೆ, ಹೊರಗಿನ ಗುಳಿಗೆ ಬೇಡ, ನಾನೇ ಒಳ್ಳೆಯದು ಬರೆದುಕೊಡುತ್ತೇನೆ ಅಂದರು. ರಕ್ತ ಪರೀಕ್ಷೆ ಸೀಸನ್ ಮುಗಿದ ಮೇಲೆ. ಈ ಏರ್ಪಾಡಿಗೆ ಲೋಡ್ ಮ್ಯಾನೇಜ್‌ಮೆಂಟ್ ಅಂತ ಹೆಸರಿದೆ. ಆ ಹೆಸರು ಕೇಳಿದರೆ ಯಾರೋ ಯಾರದೋ ತಲೆಯ ಮೇಲಿನ ಹೊರೆ ಇಳಿಸಿದರು ಅನ್ನಿಸಬೇಕು.

ಆ ಮನುಷ್ಯನನ್ನು ಉಳಿಸಲು ನಾನು ತೆಗೆದ ಗೆರೆಯಿಂದ ಅವರನ್ನು ಎಲ್ಲಿಯ ತನಕ ಹಿಂಡಬಹುದು ಅನ್ನುವುದು ತಿಳಿದಂತಾಯಿತು. ನಾನು ಮಾತಾಡಿದೆ, ಎರಡನೇ ಸಲವೂ ಮಾತಾಡಿದೆ. ಮ್ಯಾನೇಜರ್ ನಗುತ್ತಲೇ, ನಿನ್ನ ಕೆಲಸ ಅಂಕಿ ತೋರಿಸುವುದು, ಚೆನ್ನಾಗಿ ತೋರಿಸಿದ್ದೀ ಅಂದರು.

ಎಲ್ಲಕ್ಕಿಂತ ಕೆಟ್ಟದ್ದೆಂದರೆ ಕಾಕಾನ ಖುಷಿ. ಅವರು ನನ್ನ ಕೂಡ ಮಾತು ಬಿಟ್ಟಿದ್ದರು. ಸುದ್ದಿ ತಿಳಿದ ಸಂಜೆ ಮೈದಾನದ ಆಚೆಯಿಂದಲೇ ಕೂಗುತ್ತಾ ಬಂದು ನನ್ನನ್ನು ಅನಾಮತ್ತು ಎತ್ತಿಕೊಂಡುಬಿಟ್ಟರು, ಅದೂ ಆ ಕಾಲಿನ ಮೇಲೆ.

"ನಿನ್ನ ಮ್ಯಾಲೆ ಸಿಟ್ಟಾಗಿದ್ನೆಪಾ, ಹೊಟ್ಟಿಗೆ ಹಾಕ್ಕೋ! ಸೀಸನ್ ಪೂರಾ ಆಡಸ್ತಾರಂತ. ಅಭ್ಯಾಸಾನೂ ಮಾಫಿ! ನಿನ್ನ ಕಂಪ್ಯೂಟರ್ ಅಗದಿ ದೇವರಂಥಾದ್ದು ನೋಡು!"

"ಕೆಳಗ ಇಳಸ್ರಿ ಕಾಕಾ, ಕಾಲು..."

"ಕಾಲಿಗೇನಾಗೇತಿ? ಆರಾಮ ಐತಿ."

ಅದೇ ವೇಳೆಗೆ ನನ್ನ ಹೆಂಡತಿಗೆ ದಿನ ತುಂಬಿದ್ದವು. ಕೂಸಿಗೆ ತೊಟ್ಟಿಲು ಏನು ಮಾಡೀದಿ ಅಂತ ಕಾಕಾ ಕೇಳಿದರು. ಊರಲ್ಲಿ ಬಾಜೂ ಮನೆಯದು ಇಸಕೊಳ್ಳುತ್ತೇವೆ ಅಂದೆ. "ಕಲಘಟಗಿಯಾಂವ ಒಬ್ಬ ಕಾಕಾ ಇರಾಕ ಬಾಜೂಮನಿ ತೊಟ್ಟಲಾ ಯಾಕಲೇ?" ಅಂತ ರೇಗಿದರು; ಕಲಘಟಗಿ ಅಂದರೆ ನಮ್ಮ ಕಡೆ ತೊಟ್ಟಿಲಿಗೇ ಹೆಸರಾದ ಊರು. ಅವರ ಮನೆಯ ತೊಟ್ಟಿಲು ಟೆಂಪೋದಲ್ಲಿ ನಮ್ಮೂರಿಗೆ ಬಂತು. ಕೆಂಪು, ಹಳದಿ, ಹಸಿರು ಅರಗಿನ ಬಣ್ಣದ ಹಳೆಯ ತೊಟ್ಟಿಲು. ಕಾಕಾ ಮಲಗಿದ್ದು, ಅವರ ಮಕ್ಕಳು ಮಲಗಿದ್ದು ಅದರಲ್ಲೇ. ನನ್ನ ಮಗಳು ಮಲಗಿದ್ದೂ ಅದರಲ್ಲೇ. ಅಪ್ಪ ಅದರ ಬಣ್ಣ ಸವರಿ ನೋಡಿ, "ಭಾಳ ದೊಡ್ಡ ಮನಸಿನ ಮಂದಿ ಬಿಡು," ಅಂದನಂತೆ.

ಆ ಸೀಸನ್ ಕಾಕಾ ಆಡಿದ ಆಟವನ್ನು ನೋಡಿದವರು ಮರೆಯುವುದಿಲ್ಲ. ಬೇರೆಯವರು ಅವರ ಕೈ ನೋಡುತ್ತಿದ್ದರು, ನಾನು ನನ್ನ ಪರದೆಯ ಮೇಲೆ ಅವರ ನಾಡಿಯ ಗೆರೆ ನೋಡುತ್ತಿದ್ದೆ. ಹುಡುಗರ ಗೆರೆಗಳು, ಎದುರಾಳಿ ಅಂಕಣದ ನಡುಗೆರೆ ದಾಟಿ ಬಂದೊಡನೆ, ಗಾಬರಿ ಬಿದ್ದು ಮೇಲಕ್ಕೆ ಓಡುತ್ತಿದ್ದವು. ಕಾಕಾನದು ಇಳಿಯುತ್ತಿತ್ತು. ಅವನು ಹತ್ತಿರ ಬಂದಷ್ಟೂ ಇಳಿಯುತ್ತಿತ್ತು, ಬೆಕ್ಕು ಹೊಂಚು ಹಾಕಿದಾಗ ಉಸಿರು ಸಣ್ಣಗಾಗುತ್ತದಲ್ಲ ಹಾಗೆ... ಆಮೇಲೆ ಒಮ್ಮೆಲೇ ಒಂದು ಮೊನೆ, ಕೈಯಲ್ಲಿ ಗಿಣ್ಣು, ಜನರ ಕೂಗು. ಹೆಸರು ಮುಚ್ಚಿಟ್ಟು ನೂರು ಗೆರೆ ತೋರಿಸಿದ್ದರೂ ನಾನು ಅವರದನ್ನು ಎತ್ತಿ ಕೊಡುತ್ತಿದ್ದೆ.

ಅರ್ಧ ಸೀಸನ್ ಕಳೆಯುವಷ್ಟರಲ್ಲಿ ಬೆಳಿಗ್ಗೆ ಅವರ ಕಣ್ಣಿನ ರೆಪ್ಪೆ ಬಾತಿರತೊಡಗಿತು. ಸಾಕ್ಸು ಕಳಚಿದರೆ ಅದರ ಪಟ್ಟಿಯ ಗುರುತು ಕಾಲಿನಲ್ಲಿ ಗುಂಡಿಯಾಗಿ ಉಳಿಯುತ್ತಿತ್ತು. ತೂಕ ಸುಮ್ಮಸುಮ್ಮನೆ ಏರುತ್ತಿತ್ತು. ನೀರು ಹೊರಗೆ ಹೋಗುತ್ತಿಲ್ಲ ಅಂತ ನಾನು ಡಾಕ್ಟರಿಗೆ ಹೇಳಿದೆ; ಕೋಚ್ ಅದನ್ನು ಕೇಳಿ, ಕಾಕಾ ಊಟ ಜಾಸ್ತಿ ಮಾಡುತ್ತಿದ್ದಾರೆ ಅಂದರು. ತೂಕದ ಮಿತಿ ಮೀರಿದರೆ ಆಡಲು ಬಿಡುವುದಿಲ್ಲ. ಹಾಗಾಗಿ ಮ್ಯಾಚಿನ ಹಿಂದಿನ ದಿನ ಕಾಕಾ ಪ್ಲಾಸ್ಟಿಕ್ ಜಾಕೀಟು ತೊಟ್ಟು ಉರಿಬಿಸಿಲಿನಲ್ಲಿ ಮೈದಾನ ಸುತ್ತುತ್ತಿದ್ದರು. ಹುಬ್ಬಳ್ಳಿಗೆ ಹೋಗಿ ಒಮ್ಮೆ ರಕ್ತ ತೋರಿಸಿಕೊಂಡು ಬನ್ನಿ, ಯಾರಿಗೂ ಹೇಳುವುದು ಬೇಡ ಅಂತ ನಾನು ಕಾಲು ಹಿಡಿಯುವುದೊಂದು ಬಾಕಿ.

"ಸೀಸನ್ ಮುಗೀಲಿ, ಕೂಡೇ ಹೋಗೂಣು," ಅಂದರು. "ಇನ್ನೇನು ಬಂತಲ್ಲೋ. ಮುಂದಿನ ವರ್ಷ ನಾ ಸೀಟಿ ಹಿಡ್ಕೊಂಡು ನಿಂದರ್ತೀನಿ, ನೀ ಕುಬಸಾ ಹಂಚು."

ಸೀಸನ್ ಮುಗಿಯಿತು. ಅವರು ಪೂರ್ತಿ ಆಡಿದ್ದರು, ಮಾತಿನಂತೆ. ಮುಂದಿನ ವರ್ಷ ಡಿಫೆನ್ಸ್ ಕೋಚ್ ಆಗಿ ಬಂದವರು ಬೇರೆ ಯಾರೋ, ಹೆಸರು ಮಾಡಿದವರು. ಕಾಕಾನನ್ನು ಆಟಗಾರರ ಪಟ್ಟಿಯಿಂದಲೂ ಬಿಟ್ಟರು. ಮೊಣಕಾಲು ಬಗ್ಗದವನು ಹುಡುಗರಿಗೆ ಹೇಗೆ ಮಾಡಿ ತೋರಿಸುತ್ತಾನೆ ಅಂದರಂತೆ. ಅದನ್ನು ನನಗೆ ಹೇಳಿದವರು ಕಾಕಾನೇ, ಫೋನಿನಲ್ಲಿ.

"ನೀ ತಗದ ಚಿತ್ರಾ ತೋರಿಸಿದ್ರಪಾ. ಕೆಂಪು, ನೀಲಿ. ಅಗದಿ ಚಂದ ತಗದೀದಿ."

ಅದರಲ್ಲಿ ಚುಚ್ಚುವ ದನಿ ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು. ಇರಲಿಲ್ಲ. ನಮ್ಮೂರ ಹುಡುಗ ಮಾಡಿದ್ದು ಅಂತ ಮೆಚ್ಚಿಕೊಂಡೇ ಹೇಳಿದ್ದರು.

ಆಮೇಲೆ ನಾನು ಫೋನು ಮಾಡಿದಾಗೆಲ್ಲ ಆರಾಮ ಅಂದರು. ರಕ್ತ ತೋರಿಸಿದಿರಾ ಅಂದರೆ, ತೋರಿಸಿದೆ, ಆರಾಮ ಅಂದರು. ಮಗಳು ನಡೆಯುವುದಕ್ಕೆ ಹತ್ತಿದ ಮೇಲೆ ತೊಟ್ಟಿಲು ಮರಳಿಸಲು ಹೋದೆ. ನಮ್ಮಲ್ಲಿ ಖಾಲಿ ತೊಟ್ಟಿಲು ಕೊಡುವುದಿಲ್ಲ. ಅವ್ವ ಅದರೊಳಗೆ ಅಕ್ಕಿ, ತೆಂಗಿನಕಾಯಿ, ವೈನಿಗೆ ಅಂತ ಒಂದು ಇಳಕಲ್ ಸೀರೆ ಇಟ್ಟು ಕೊಟ್ಟಿದ್ದಳು. ವೈನಿ ಅಂದರೆ ಅತ್ತಿಗೆ; ಕಾಕಾನ ಹೆಂಡತಿಯನ್ನು ನಾನು ಹಾಗೆ ಕರೆಯುತ್ತಿದ್ದೆ. ಗಂಡನನ್ನು ಕಾಕಾ ಅಂದು ಹೆಂಡತಿಯನ್ನು ವೈನಿ ಅನ್ನುವುದು ಯಾವ ಲೆಕ್ಕ ಅಂತ ಕಾಕಾನೇ ಎಷ್ಟೋ ಸಲ ನಕ್ಕಿದ್ದುಂಟು.

ಕಟ್ಟೆಯ ಮೇಲೆ ಕೂತವರನ್ನು ನಾನು ಅವರ ಹಿರಿಯಣ್ಣ ಅಂದುಕೊಂಡೆ. ಹತ್ತಿರ ಹೋದ ಮೇಲೆ ತಿಳಿಯಿತು. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು, ಎಡ ಮುಂಗೈಯಲ್ಲಿ ಸೂಜಿಯ ಗಂಟು. ವಾರಕ್ಕೆ ಎರಡು ಸಲ ಹುಬ್ಬಳ್ಳಿಗೆ ಬಸ್ಸಿನಲ್ಲಿ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರುತ್ತಿದ್ದರು. ಎರಡೂ ಕಿಡ್ನಿ ಹೋಗಿದ್ದವು.

"ಯಾಕ ಹೇಳಲಿಲ್ರಿ?" ಅಂದೆ. ನನ್ನ ದನಿ ಏರಿತ್ತು.

"ಹೇಳಿ ಏನ್ ಮಾಡ್ತಿದ್ದಿ, ಮತ್ತೊಂದು ಚಿತ್ರಾ ತಗೀತಿದ್ದಿ," ಅಂದು ನಕ್ಕರು. ಆಮೇಲೆ ನನ್ನ ಮುಖ ನೋಡಿ, "ಚಾಷ್ಟಿ ಮಾಡಿದ್ನೆಪಾ, ಅಳಬ್ಯಾಡ. ಅಲ್ಲೂ ಒಂದು ಯಂತ್ರಾ ಹಚ್ತಾರ ನೋಡು. ನಿಂದು ಬೆನ್ನಿಗಿ, ಅದು ಕೈಗಿ. ನಿಂದು ಹಚ್ಚಿದಾಗ ನೀನರ ಬಾಜೂ ನಿಂತು ನಗ್ತಿದ್ದಿ, ಅದು ಬರೇ ಗುಂಯ್ ಅಂತೈತಿ."

ವೈನಿ ಚಹಾ ತಂದರು. ನನಗೆ ತುಂಬಿದ ಕಪ್ಪು, ಅವರಿಗೆ ತಳದಲ್ಲಿ ಒಂದು ಗುಟುಕು. ಅವರಿಗೆ ನೀರೂ ಅಳೆದೇ ಕೊಡಬೇಕಿತ್ತು. ಕಾಕಾ ಆ ಗುಟುಕನ್ನು ಬಹಳ ಹೊತ್ತು ಹಿಡಿದುಕೊಂಡು ಕೂತರು. ಈ ವರ್ಷ ಎಡ ಮೂಲೆಗೆ ಯಾರನ್ನು ಹಾಕಿದ್ದಾರೆ, ಹುಡುಗ ಹೇಗಿದ್ದಾನೆ, ಬೇಗ ಕೈ ಹಾಕುತ್ತಾನಾ ಅಂತ ಕೇಳಿದರು. ಬೇಗ ಹಾಕುತ್ತಾನೆ ಅಂದೆ. "ಕಾಯಾಕ ಹೇಳು," ಅಂದರು. ಅದೇ ಕೊನೆ. ಮುಂದಿನ ಸೀಸನ್ ಶುರುವಾಗುವುದಕ್ಕಿಂತ ಮುಂಚೆ ಹೋಗಿಬಿಟ್ಟರು.

ಮಣ್ಣು ಮಾಡುವ ಹೊತ್ತಿಗೆ ಮುಟ್ಟಲಾಗಲಿಲ್ಲ. ಸತ್ತವರ ಹೆಸರಲ್ಲಿ ಊಟ ಹಾಕುವ ಗಣಾರಾಧನೆಯ ದಿನ ಹೋದೆ. ಜನರು ಊಟ ಮಾಡಿ 'ಬರ್ತೀವ್ರಿ' ಅನ್ನದೆ ಎದ್ದು ಹೋಗುತ್ತಿದ್ದರು, ಅಂಥ ದಿನ ಹೇಳುವುದಿಲ್ಲವಲ್ಲ. ನಾನೂ ಎದ್ದಾಗ ವೈನಿ ಒಳಗಿನಿಂದ ಕರೆದರು. ಕಣ್ಣು ಒಣಗಿದ್ದವು. ಏನೋ ಕೇಳಬೇಕು ಅಂತ ಎಷ್ಟೋ ದಿನದಿಂದ ಇಟ್ಟುಕೊಂಡಂತೆ ಇತ್ತು ಮುಖ.

"ಅವ್ರ ಎದಿ ಬಡಿಯೂದನ್ನ ನೀವು ಯಂತ್ರದಾಗ ಹಿಡೀತಿದ್ರಂತಲ್ರಿ. ಅವ್ರ ಹೇಳ್ತಿದ್ರು. ಅದು ನಿಮ್ಮ ಕಡೆ ಐತೇನ್ರಿ? ನನಗ ಒಮ್ಮಿ ಕೇಳಸ್ತೀರೇನು?"



"ಅದರಾಗ ಸಪ್ಪಳ ಇರೂದಿಲ್ಲ ವೈನಿ. ಬರೇ ಅಂಕಿ ಇರ್ತಾವು."

"ಸಪ್ಪಳ ಇಲ್ಲ?"

"ಇಲ್ರಿ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ್ದು. "ಹಂಗಾರ ಏನ್ ಇಟ್ಕೊಂಡ್ರಿ ನೀವು?"

ಅಂಕಿಯಾದರೂ ಕೊಡೋಣ, ಆ ಗೆರೆಯನ್ನಾದರೂ ಒಂದು ಹಾಳೆಯ ಮೇಲೆ ಅಚ್ಚು ಹಾಕಿಸಿ ಕಟ್ಟು ಹಾಕಿಸಿ ಕೊಡೋಣ ಅಂದುಕೊಂಡು ಮರಳಿ ಬಂದ ಕೂಡಲೇ ಹುಡುಕಿದೆ. ತಂಡ ಬಿಟ್ಟ ಆಟಗಾರನ ಪುಟ ನಮಗೆ ಮುಚ್ಚಿಹೋಗುತ್ತದೆ. ಕೇಳಿದೆ. ಅದು ತಂಡದ ಆಸ್ತಿ, ಹೊರಗೆ ಕೊಡುವಂತಿಲ್ಲ ಅಂದರು. ಮತ್ತೆ ಕೇಳಿದೆ. ಹಳೆಯ ಸೀಸನ್ನಿನದು ಅಳಿಸಿಯಾಗಿದೆ ಅಂದರು. ಎರಡರಲ್ಲಿ ಯಾವುದು ನಿಜವೋ ನನಗೆ ಇವತ್ತಿಗೂ ಗೊತ್ತಿಲ್ಲ.

ನಾನು ಈ ಕೆಲಸ ಬಿಡಲಿಲ್ಲ. ಬಿಟ್ಟು ಚೀಲ ಹೊರಲು ಹೋಗಲೇ? ಬೇರೆ ತಂಡಕ್ಕೆ ಬಂದೆ, ಅಷ್ಟೇ. ಇಲ್ಲಿ ಡಾಕ್ಟರು ಮಾತು ಕೇಳುತ್ತಾರೆ, ಕೂರಿಸು ಅಂದರೆ ಕೂರಿಸುತ್ತಾರೆ, ಬಹಳ ಸಲ. ಇವತ್ತು ಬೆಳಿಗ್ಗೆಯೂ ಹುಡುಗರು ಒಬ್ಬೊಬ್ಬರೇ ಬಂದು ಬೆನ್ನು ಕೊಟ್ಟು ನಿಂತರು, ಯಂತ್ರ ಸಿಕ್ಕಿಸಿದೆ, ಪರದೆಯ ಮೇಲೆ ಗೆರೆಗಳು ಎದ್ದವು. ಎಲ್ಲವೂ ಗಾಬರಿಬಿದ್ದು ಓಡುವ ಗೆರೆಗಳೇ. ಎದುರಾಳಿ ಹತ್ತಿರ ಬಂದಷ್ಟೂ ಇಳಿಯುತ್ತಿದ್ದ ಆ ಒಂದು ಗೆರೆ ನನ್ನ ಕಣ್ಣಲ್ಲಿ ಇದ್ದೇ ಇದೆ, ಬೇಕೆಂದಾಗ ಕೈಯಿಂದಲೇ ಬರೆದು ವೈನಿಗೆ ಕೊಟ್ಟುಬಿಡುತ್ತೇನೆ ಅಂತ ಎಷ್ಟೋ ದಿನ ಧೈರ್ಯದಿಂದ ಇದ್ದೆ. ಇವತ್ತು ಅಭ್ಯಾಸ ಮುಗಿದ ಮೇಲೆ ಒಂದು ಹಾಳೆ ತೆಗೆದುಕೊಂಡು ಕೂತೆ. ಇಳಿಯುವ ತನಕ ಬರೆದೆ... ಅಲ್ಲಿಂದ ಅದು ಎಷ್ಟು ಕಡಿದಾಗಿ ಏರುತ್ತಿತ್ತು, ಏರಿ ಎಲ್ಲಿ ನಿಲ್ಲುತ್ತಿತ್ತು, ಮತ್ತೆ ಹೇಗೆ ಸಮಾಧಾನವಾಗುತ್ತಿತ್ತು, ನೆನಪಾಗಲಿಲ್ಲ.